ಮನೆಯೊಳಗೆ ಮಡಿದವರ ನಾಮಾವಳಿ: ವೈಮಾನಿಕ ಯುದ್ಧದ ಮರಣಲೇಖಗಳ ವಿಮರ್ಶೆ

೧

ಸಾಹಿತ್ಯದ ಪ್ರಕಾರಗಳನ್ನು ಎಣಿಸುವಾಗ ನಾಮಾವಳಿಗೆ ಪಂಕ್ತಿಯಲ್ಲಿ ಸ್ಥಾನ ದೊರೆಯುವುದು ಅಪೂರ್ವ. ಕಂದಾಯದ ಕಡತ, ಜನಗಣತಿಯ ಪುಸ್ತಕ, ಮತದಾರರ ಪಟ್ಟಿ ಮೊದಲಾದುವನ್ನು ಚರಿತ್ರಕಾರನು ಉಪಯೋಗಿಸಿಕೊಳ್ಳುವನೇ ಹೊರತು ವಿಮರ್ಶಕನು ಕೈಗೆತ್ತಿಕೊಳ್ಳುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ವೈಮಾನಿಕ ಯುದ್ಧವು ಒಂದು ಹೊಸ ಬಗೆಯ ನಾಮಾವಳಿಯನ್ನು ಹುಟ್ಟಿಸಿತು. ಅದು ರಣರಂಗದಲ್ಲಿ ಬಿದ್ದವರ ಪಟ್ಟಿಯಲ್ಲ. ತಮ್ಮ ತಮ್ಮ ಮನೆಗಳಲ್ಲಿ, ಒಲೆಯ ಬಳಿಯಲ್ಲಿ, ಹಾಸಿಗೆಯ ಮೇಲೆ, ಮೆಟ್ಟಿಲಿನ ಕೆಳಗೆ ಸತ್ತವರ ಪಟ್ಟಿ. ಅದನ್ನು ಬರೆದವರು ಕವಿಗಳಲ್ಲ. ಗುಮಾಸ್ತರು, ಆಸ್ಪತ್ರೆಯ ಲೆಕ್ಕಿಗರು, ಪತ್ರಿಕೆಯವರು, ನೆರೆಮನೆಯವರು, ಅಳಿದುಳಿದ ನಂಟರು. ಆದರೂ ಅದಕ್ಕೆ ತನ್ನದೇ ಆದ ರಚನಾಕ್ರಮವಿದೆ, ತನ್ನದೇ ಆದ ಔಚಿತ್ಯವಿದೆ.

ಇಂತಹ ಪಟ್ಟಿಗಳನ್ನು ಅಂಕಿ ಅಂಶಗಳ ದೃಷ್ಟಿಯಿಂದ ಪರೀಕ್ಷಿಸಿದವರು ಅನೇಕರುಂಟು. ನ್ಯಾಯಶಾಸ್ತ್ರದ ದೃಷ್ಟಿಯಿಂದ ಪರೀಕ್ಷಿಸಿದವರೂ ಉಂಟು. ಬರವಣಿಗೆಯ ಒಂದು ಪ್ರಕಾರವಾಗಿ ಅವು ಹೇಗೆ ರಚಿತವಾಗಿವೆ, ಅವುಗಳ ಗುಣದೋಷಗಳೇನು, ಒಂದು ಪಟ್ಟಿಯು ಮತ್ತೊಂದಕ್ಕಿಂತ ಸತ್ಯಕ್ಕೆ ಹತ್ತಿರವಾಗುವುದು ಯಾವ ಕಾರಣದಿಂದ ಎಂಬುದೇ ಇಲ್ಲಿಯ ವಿಚಾರ. ಮನೆಯ ಮೇಲೆ ಬಿದ್ದ ಬಾಂಬು ಮನುಷ್ಯರನ್ನು ಮಾತ್ರವಲ್ಲದೆ ಅವರು ಯಾರೆಂದು ಹೇಳಬಲ್ಲವರನ್ನೂ ಜೊತೆಯಲ್ಲಿಯೇ ಕೊಲ್ಲುತ್ತದೆ. ಆದುದರಿಂದ ಸತ್ತವನ ಹೆಸರಿನೊಡನೆ ಅವನ ಮನೆಯನ್ನೂ ನಂಟನ್ನೂ ಉಳಿಸಿಕೊಂಡಿತೇ ಇಲ್ಲವೇ ಎಂಬುದರ ಮೇಲೆ ಈ ಬಗೆಯ ಲೇಖದ ಯೋಗ್ಯತೆ ನಿಂತಿದೆ. ಈ ಲೇಖನದ ಪ್ರತಿಪಾದ್ಯವಿದು.

೨

ಈ ಪ್ರಕಾರದಲ್ಲಿ ಮೊದಲು ಗಣನೆಗೆ ಬರತಕ್ಕದ್ದು ಬ್ರಿಟನ್ನಿನ ನಾಗರಿಕ ಯುದ್ಧಮೃತರ ಪಟ್ಟಿ. ಒಂದನೆಯ ಮಹಾಯುದ್ಧದಲ್ಲಿ ಮಡಿದ ಸೈನಿಕರ ಸಮಾಧಿಗಳ ರಕ್ಷಣೆಗಾಗಿ ಸ್ಥಾಪಿತವಾಗಿದ್ದ ಸಾಮ್ರಾಜ್ಯ ಯುದ್ಧಸಮಾಧಿ ಆಯೋಗವು, ಅದರ ಸ್ಥಾಪಕರಾದ ಸರ್ ಫೇಬಿಯನ್ ವೇರ್ ಅವರ ಪ್ರೇರಣೆಯಿಂದ, ಶತ್ರುಗಳ ದಾಳಿಯಲ್ಲಿ ಸತ್ತ ನಾಗರಿಕರ ಹೆಸರುಗಳನ್ನೂ ದಾಖಲಿಸುವ ಅಧಿಕಾರವನ್ನು ೧೯೪೧ರಲ್ಲಿ ಪಡೆಯಿತು. ಸುಮಾರು ೬೭,೦೦೦ ಹೆಸರುಗಳು ಕೂಡಿಬಂದುವು. ಅವುಗಳನ್ನು ಒಳಗೊಂಡ ಏಳು ಸಂಪುಟಗಳಲ್ಲಿ ಮೊದಲಿನ ಆರು ೧೯೫೬ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬ್ಬೆಗೆ ಒಪ್ಪಿಸಲ್ಪಟ್ಟುವು. ಅರಸರೂ ಕವಿಗಳೂ ಮಲಗಿರುವ ಆ ದೇವಾಲಯದಲ್ಲಿ ಬಂದರಿನ ಕೂಲಿಯವನ, ಮನೆಗೆಲಸದವಳ, ಎರಡು ತಿಂಗಳ ಕೂಸಿನ ಹೆಸರು ಸೇರಿದುದು ಸಾಮಾನ್ಯ ಸಂಗತಿಯಲ್ಲ.

ಪಟ್ಟಿಯ ಒಂದೊಂದು ನಮೂದೂ ಒಂದೇ ಅಚ್ಚಿನಲ್ಲಿ ಎರಕಗೊಂಡಂತಿದೆ. ಮೊದಲು ಕುಲನಾಮ, ಬಳಿಕ ಸ್ವಂತ ಹೆಸರು, ವಯಸ್ಸು, ವಾಸದ ಮನೆಯ ಸಂಖ್ಯೆ ಮತ್ತು ಬೀದಿ, ಆಮೇಲೆ ಯಾರ ಹೆಂಡತಿ, ಯಾರ ಮಗ, ಯಾರ ಮಗಳು ಎಂಬ ನಂಟು, ದಿನಾಂಕ, ಕಡೆಯಲ್ಲಿ ಸತ್ತ ಸ್ಥಳ. ಇಲ್ಲಿ ಗುಣವಾಚಕವೆಂಬುದು ಒಂದೂ ಇಲ್ಲ. ‘ದಾರುಣ’ವೆಂದಾಗಲಿ ‘ನಿಷ್ಪಾಪ’ವೆಂದಾಗಲಿ ಹೇಳುವ ಒಂದು ಮಾತೂ ಇಲ್ಲ. ಬಾಂಬಿನ ಹೆಸರಿಲ್ಲ, ಶತ್ರುವಿನ ಹೆಸರೂ ಇಲ್ಲ. ಆದರೆ ಮನೆಯ ವಿಳಾಸವು ಅನೇಕ ನಮೂದುಗಳಲ್ಲಿ ಎರಡು ಬಾರಿ ಬರುತ್ತದೆ: ಒಮ್ಮೆ ಬದುಕಿದ್ದ ಸ್ಥಳವಾಗಿ, ಮತ್ತೊಮ್ಮೆ ಸತ್ತ ಸ್ಥಳವಾಗಿ. ಗುಮಾಸ್ತನು ತನ್ನ ನಿಯಮಕ್ಕನುಸಾರವಾಗಿ ಬರೆದ ಈ ಪುನರುಕ್ತಿಯು ಪುನರುಕ್ತಿದೋಷವಾಗದೆ, ಪಟ್ಟಿಯ ಅರ್ಥವೆಲ್ಲವನ್ನೂ ತನ್ನಲ್ಲಿ ಹಿಡಿದಿಟ್ಟುಕೊಂಡಿದೆ. ವಾಸಸ್ಥಾನವೂ ಮರಣಸ್ಥಾನವೂ ಒಂದೇ ಆದುದು ಈ ಯುದ್ಧದ ಲಕ್ಷಣವೆಂಬುದನ್ನು ಬೇರೆ ಯಾವ ವ್ಯಾಖ್ಯಾನವೂ ಇಷ್ಟು ಕಡಿಮೆ ಮಾತಿನಲ್ಲಿ ಹೇಳಲಾರದು. ವಸ್ತುವನ್ನು ಇದ್ದುದನ್ನು ಇದ್ದಂತೆಯೇ ಹೇಳುವ ಉಕ್ತಿಯನ್ನು ಆಲಂಕಾರಿಕರು ಸ್ವಭಾವೋಕ್ತಿಯೆಂದು ಕರೆದರು. ಅದಕ್ಕೆ ಅಲಂಕಾರವೆಂಬ ಹೆಸರು ಸಲ್ಲುವುದೇ ಎಂದು ವಾದವನ್ನೂ ಮಾಡಿದರು. ಈ ಪಟ್ಟಿಯನ್ನು ಓದಿದವನಿಗೆ ಆ ವಾದದಲ್ಲಿ ಸ್ವಭಾವೋಕ್ತಿಯ ಪಕ್ಷವೇ ಗಟ್ಟಿಯಾಗಿ ತೋರುತ್ತದೆ.

ಇನ್ನೊಂದು ಗುಣವು ಕ್ರಮದಲ್ಲಿದೆ. ಪಟ್ಟಿಯನ್ನು ಆಡಳಿತ ವಿಭಾಗಗಳ ಪ್ರಕಾರ ವಿಂಗಡಿಸಿ, ಪ್ರತಿಯೊಂದು ವಿಭಾಗದೊಳಗೆ ಅಕಾರಾದಿಯಾಗಿ ಜೋಡಿಸಿದೆ. ಕುಲನಾಮ ಮೊದಲು ಬರುವುದರಿಂದ ಒಂದೇ ಮನೆಯವರು ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತಾರೆ. ತಾಯಿ, ಮೂವರು ಮಕ್ಕಳು, ಅಜ್ಜಿ ಎಂಬಂತೆ ಐದು ಸಾಲುಗಳು ಬಂದು, ಐದರಲ್ಲಿಯೂ ಒಂದೇ ವಿಳಾಸ, ಒಂದೇ ದಿನಾಂಕ ಕಂಡಾಗ ಪಟ್ಟಿಯ ಪುಟದಲ್ಲಿ ಮನೆಯೊಂದು ತಾನಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಇದು ವರ್ಣಮಾಲೆಯ ಆಕಸ್ಮಿಕವೇ ಹೊರತು ಕರ್ತೃವಿನ ಕೌಶಲವಲ್ಲ. ಆದರೂ ಅಕ್ಷರಕ್ರಮವನ್ನು ಬಿಟ್ಟು ದಿನಾಂಕದ ಕ್ರಮವನ್ನೋ ಶವಾಗಾರಕ್ಕೆ ತಂದ ಕ್ರಮವನ್ನೋ ಹಿಡಿದಿದ್ದರೆ ಈ ಫಲ ದೊರೆಯುತ್ತಿರಲಿಲ್ಲ.

ಶಾಸನಗಳನ್ನು ಅಭ್ಯಾಸ ಮಾಡಿದ ಕನ್ನಡ ವಿದ್ವಾಂಸರಿಗೆ ಈ ಪಟ್ಟಿಯ ಹೊಸತನವು ವೀರಗಲ್ಲುಗಳೊಡನೆ ಹೋಲಿಸಿದಾಗ ಚೆನ್ನಾಗಿ ಮನದಟ್ಟಾಗುವುದು. ತುರುಗೋಳಿನಲ್ಲಿ, ಪೆಣ್ಬುಯ್ಯಲಿನಲ್ಲಿ, ಊರಳಿವಿನಲ್ಲಿ ಕಾದಿ ಸತ್ತವನ ಹೆಸರನ್ನು, ಅನೇಕ ವೇಳೆ ಅವನು ಯಾರ ಮಗನೆಂಬುದನ್ನೂ, ಆ ಕಲ್ಲುಗಳು ಕಾಪಾಡಿಕೊಂಡು ಬಂದಿವೆ. ಸಾಮಾನ್ಯನ ಮರಣಕ್ಕೆ ಅಷ್ಟು ಗೌರವವನ್ನು ಕೊಟ್ಟ ಸಂಪ್ರದಾಯವು ಲೋಕದಲ್ಲಿ ವಿರಳ. ಆದರೆ ಊರಳಿವಿನ ಕಲ್ಲಿನಲ್ಲಿಯೂ ಹೆಸರು ದೊರೆಯುವುದು ಆಯುಧ ಹಿಡಿದವನಿಗೆ. ಊರು ಅಳಿದಾಗ ಮನೆಯೊಳಗೆ ಅಳಿದವರು ‘ಊರು’ ಎಂಬ ಒಂದೇ ಪದದೊಳಗೆ ಸೇರಿಹೋಗಿದ್ದಾರೆ. ವೀರವು ರಸವಾಗಿರುವ ಲೇಖದಲ್ಲಿ ಅವರಿಗೆ ಎಡೆಯಿಲ್ಲ. ನಾಗರಿಕ ಯುದ್ಧಮೃತರ ಪಟ್ಟಿಯು ತನ್ನ ಶೀರ್ಷಿಕೆಯಲ್ಲಿ ಗೌರವವೆಂಬ ಸೈನಿಕಪದವನ್ನು ಇಟ್ಟುಕೊಂಡಿದ್ದರೂ, ಒಳಗೆ ಮಾಡಿರುವುದು ಬೇರೆಯದೇ ಕೆಲಸ: ಏನನ್ನೂ ಮಾಡದೆ ಸತ್ತವನಿಗೆ ಹೆಸರು ಕೊಡುವುದು.

ಅದರ ಕೊರತೆಯನ್ನೂ ಹೇಳಬೇಕು. ಈ ಪಟ್ಟಿ ಒಂದು ಪಕ್ಷದ ಮೃತರ ಪಟ್ಟಿ. ಅದನ್ನು ಸಂಗ್ರಹಿಸುತ್ತಿದ್ದ ವರ್ಷಗಳಲ್ಲಿಯೇ ಅದೇ ದೇಶದ ವಿಮಾನಗಳು ಹ್ಯಾಂಬರ್ಗ್ ನಗರದ ಮನೆಗಳನ್ನು ಸುಟ್ಟುವು. ೧೯೪೩ರ ಜುಲೈ ತಿಂಗಳ ಕೊನೆಯ ಆ ದಾಳಿಗಳಲ್ಲಿ ಸತ್ತವರಲ್ಲಿ ಸುಮಾರು ೩೭,೦೦೦ ಮಂದಿಯನ್ನು ಓಲ್ಸ್‌ಡಾರ್ಫ್ ಶ್ಮಶಾನದಲ್ಲಿ ಶಿಲುಬೆಯಾಕಾರದ ಒಂದೇ ಸಾಮೂಹಿಕ ಸಮಾಧಿಯಲ್ಲಿ ಹೂಳಲಾಯಿತು. ಅಲ್ಲಿಯ ಮರದ ತೊಲೆಗಳ ಮೇಲೆ ಕೆತ್ತಿರುವುದು ಮನುಷ್ಯರ ಹೆಸರನ್ನಲ್ಲ, ಹ್ಯಾಮರ್‌ಬ್ರುಕ್, ರೋಥೆನ್‌ಬುರ್ಗ್ಸಾರ್ಟ್ ಮೊದಲಾದ ಕೇರಿಗಳ ಹೆಸರನ್ನು. ಲಂಡನ್ನಿನಲ್ಲಿ ಮನೆಯ ಸಂಖ್ಯೆಯವರೆಗೂ ಇಳಿದ ಲೇಖವು ಹ್ಯಾಂಬರ್ಗಿನಲ್ಲಿ ಕೇರಿಯ ಮಟ್ಟದಲ್ಲಿಯೇ ನಿಂತಿತು.

೩

ಈ ಭೇದಕ್ಕೆ ಕಾರಣವು ಬರೆಯುವವರ ಶ್ರದ್ಧೆಯಲ್ಲಿ ಮಾತ್ರ ಇಲ್ಲ. ಅದು ಸಾಕ್ಷಿಗಳ ಸ್ಥಿತಿಯಲ್ಲಿದೆ. ಲಂಡನ್ನಿನ ಬೀದಿಗಳಲ್ಲಿ ವಿಮಾನದಾಳಿಯ ರಕ್ಷಣೆಗೆ ನೇಮಕವಾಗಿದ್ದ ವಾರ್ಡನ್ನರಿಗೆ ತಮ್ಮ ಸರಹದ್ದಿನ ಯಾವ ಮನೆಯಲ್ಲಿ ರಾತ್ರಿ ಯಾರು ಯಾರು ಮಲಗುತ್ತಾರೆಂಬುದನ್ನು ತಿಳಿದಿರಬೇಕಾದ ಕರ್ತವ್ಯವಿತ್ತು. ಅವಶೇಷಗಳನ್ನು ಅಗೆಯುವಾಗ ಎಷ್ಟು ಜನರನ್ನು ಹುಡುಕಬೇಕೆಂಬುದು ಅವರಿಂದ ತಿಳಿಯುತ್ತಿತ್ತು. ಬದುಕಿರುವವರನ್ನು ಎತ್ತುವುದಕ್ಕಾಗಿ ಮಾಡಿಕೊಂಡ ಏರ್ಪಾಡು ಸತ್ತವರನ್ನು ಗುರುತಿಸುವುದಕ್ಕೂ ನೆರವಾಯಿತು. ಬೀದಿಯಲ್ಲಿ ಒಂದು ಮನೆ ಬಿದ್ದರೆ ಪಕ್ಕದ ಮನೆ ಉಳಿದಿರುತ್ತಿತ್ತು, ಹೇಳುವುದಕ್ಕೆ ನೆರೆಯವರಿರುತ್ತಿದ್ದರು.

ತೋಕಿಯೋ ನಗರದಲ್ಲಿ ಈ ಎರಡು ಆಧಾರಗಳೂ ಇರಲಿಲ್ಲ. ೧೯೪೫ರ ಮಾರ್ಚ್ ೯-೧೦ರ ರಾತ್ರಿ ೨೭೯ ಬಿ-೨೯ ವಿಮಾನಗಳು ನಗರದ ಪೂರ್ವಭಾಗದ ದಟ್ಟವಾದ ಮರದ ಮನೆಗಳ ಮೇಲೆ ಸುಮಾರು ೧,೬೬೫ ಟನ್ ಬೆಂಕಿಬಾಂಬುಗಳನ್ನು ಸುರಿದುವು. ೨,೬೭,೦೦೦ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದುವು. ಸುಮಾರು ಹತ್ತು ಲಕ್ಷ ಜನರು ಮನೆಯಿಲ್ಲದವರಾದರು. ಪೊಲೀಸರು ಕೊಟ್ಟ ಮೃತರ ಸಂಖ್ಯೆ ೮೩,೭೯೩. ಅನಂತರದ ಅಂದಾಜು ಸುಮಾರು ಒಂದು ಲಕ್ಷ. ಈ ಎರಡು ಸಂಖ್ಯೆಗಳ ನಡುವಣ ಅಂತರವು ವಿಮರ್ಶಕನು ಗಮನಿಸಬೇಕಾದುದು. ಅದರಲ್ಲಿ ಇರುವವರು ಯಾರು? ಕುಟುಂಬಕ್ಕೆ ಕುಟುಂಬವೇ ಸತ್ತು, ‘ನಮ್ಮವರು ಕಾಣೆಯಾಗಿದ್ದಾರೆ’ ಎಂದು ಕಚೇರಿಗೆ ಬಂದು ಹೇಳುವವರೇ ಇಲ್ಲವಾದವರು. ಹೇಳಬಹುದಾಗಿದ್ದ ನೆರೆಯವರೂ ಸತ್ತವರು. ವಂಶದ ದಾಖಲೆಯೂ ಬೆಂಕಿಯಲ್ಲಿ ಹೋದವರು. ಶವಗಳನ್ನು ಉದ್ಯಾನಗಳಲ್ಲಿ ತಾತ್ಕಾಲಿಕವಾಗಿ ಹೂಳಿ, ಕೆಲವು ವರ್ಷಗಳ ತರುವಾಯ ತೆಗೆದು ಸುಟ್ಟು, ಸುಮಾರು ೧,೦೫,೦೦೦ ಜನರ ಬೂದಿಯನ್ನು ಯೊಕೊಅಮಿಚೊ ಉದ್ಯಾನದ ಮಂದಿರದಲ್ಲಿ ಇರಿಸಲಾಯಿತು. ಆ ಮಂದಿರವು ಮೊದಲು ಕಟ್ಟಲ್ಪಟ್ಟದ್ದು ೧೯೨೩ರ ಭೂಕಂಪದಲ್ಲಿ ಸತ್ತವರಿಗಾಗಿ. ಹೀಗೆ ಮನುಷ್ಯರು ಮಾಡಿದ ಕೇಡು ಪ್ರಕೃತಿಯ ಕೇಡಿನೊಡನೆ ಒಂದೇ ಸೂರಿನ ಕೆಳಗೆ ಸೇರಿತು. ಸ್ಥಳದ ಅನುಕೂಲಕ್ಕಾಗಿ ನಡೆದ ಈ ಕೆಲಸವು ಅರ್ಥದಲ್ಲಿ ನಿರಪಾಯಕರವಲ್ಲ; ಭೂಕಂಪಕ್ಕೆ ಕರ್ತೃವಿಲ್ಲ.

ಈ ಮರೆವಿಗೆ ಎದುರಾಗಿ ನಿಂತವರಲ್ಲಿ ಸಾವೊತೋಮೆ ಕತ್ಸುಮೊತೊ ಅವರು ಪ್ರಮುಖರು. ದಾಳಿಯ ರಾತ್ರಿ ಅವರಿಗೆ ಹನ್ನೆರಡು ವರ್ಷ. ತೋಕಿಯೋ ವಿಮಾನದಾಳಿಯನ್ನು ದಾಖಲಿಸುವ ಸಂಘವು ೧೯೭೦ರಲ್ಲಿ ಹುಟ್ಟುವುದಕ್ಕೆ ಅವರು ಕಾರಣರಾದರು. ಆ ರಾತ್ರಿಯನ್ನು ಕುರಿತ ಅವರ ಪುಸ್ತಕವು ೧೯೭೧ರಲ್ಲಿ ಹೊರಬಂದಿತು. ಅನಂತರ ೧೯೭೩-೭೪ರಲ್ಲಿ ಐದು ದೊಡ್ಡ ಸಂಪುಟಗಳ ದಾಖಲೆ ಸಿದ್ಧವಾಯಿತು. ೨೦೦೨ರಲ್ಲಿ ಕೋಟೋ ಬಡಾವಣೆಯಲ್ಲಿ ಖಾಸಗಿ ಚಂದಾದಿಂದ ಸಂಗ್ರಹಾಲಯವೊಂದು ತೆರೆಯಿತು. ೨೦೨೨ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕೆಲಸವನ್ನು ಬಿಡಲಿಲ್ಲ. ಅವರ ವಿಧಾನವು ಲಂಡನ್ನಿನ ಗುಮಾಸ್ತನ ವಿಧಾನಕ್ಕೆ ತೀರ ಬೇರೆ. ಹೆಸರನ್ನು ಕೊಡಬಲ್ಲ ದಾಖಲೆ ನಾಶವಾಗಿದ್ದುದರಿಂದ, ಬದುಕುಳಿದ ಒಬ್ಬೊಬ್ಬರ ಬಾಯಿಂದ ಆ ರಾತ್ರಿಯ ಹಾದಿಯನ್ನು ಕೇಳಿ ಬರೆಯಬೇಕಾಯಿತು: ಯಾವ ಸೇತುವೆಯ ಮೇಲೆ ಓಡಿದರು, ಯಾರ ಕೈ ಯಾವಾಗ ತಪ್ಪಿತು, ಬೆನ್ನಿನ ಮೇಲಿನ ಕೂಸು ಯಾವಾಗ ಸುಮ್ಮನಾಯಿತು. ಇದರಿಂದ ನಿರೂಪಣೆಗೆ ಚಲನೆಯೂ ಕರುಣವೂ ದೊರೆತುವು. ಆದರೆ ಓಡಿದವರ ಕಥೆ ಮಾತ್ರ ದೊರೆಯಿತೆಂಬುದನ್ನು ಮರೆಯಲಾಗದು. ಮನೆಯಿಂದ ಹೊರಡಲಾರದೆ ಉಳಿದ ಮುದುಕರ, ರೋಗಿಗಳ ಪಕ್ಷದಲ್ಲಿ ಮಾತನಾಡುವವರು ಈ ಸಂಪುಟಗಳಲ್ಲಿಯೂ ವಿರಳ.

ಇಲ್ಲಿ ಪ್ರಶ್ನೆಯು ಕೇವಲ ಸಾಹಿತ್ಯದ್ದಲ್ಲ. ಜಪಾನಿನಲ್ಲಿ ಸತ್ತ ಸೈನಿಕರ ಕುಟುಂಬಗಳಿಗೆ ೧೯೫೦ರ ದಶಕದಿಂದ ವೇತನ ದೊರೆಯುತ್ತ ಬಂದಿದೆ. ಬೆಂಕಿಬಾಂಬಿನಿಂದ ಮನೆಯಲ್ಲಿ ಸತ್ತವರ ಕುಟುಂಬಗಳಿಗೆ ಅದು ದೊರೆಯಲಿಲ್ಲ. ತೋಕಿಯೋ ದಾಳಿಯ ಸಂತ್ರಸ್ತರು ೨೦೦೭ರಲ್ಲಿ ಹೂಡಿದ ದಾವೆ ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ೨೦೦೧ರಲ್ಲಿ ಕಟ್ಟಿದ ಸ್ಮಾರಕದೊಳಗೆ ಸುಮಾರು ೮೦,೦೦೦ ಹೆಸರುಗಳ ಪುಸ್ತಕಗಳನ್ನು ಇರಿಸಲಾಗಿದೆ. ಆದರೆ ವೆಸ್ಟ್‌ಮಿನ್‌ಸ್ಟರಿನ ಸಂಪುಟದಂತೆ ಅವು ಯಾವನೇ ವಾಚಕನ ಕೈಗೂ ಬರುವಂತಿಲ್ಲ. ಓದುವವನಿಲ್ಲದ ಪಟ್ಟಿಯು ಪೂಜೆಗೆ ಸಲ್ಲಬಹುದು, ಸಾಕ್ಷ್ಯಕ್ಕೆ ಸಾಲದು.

೪

ಹೆಸರು ದೊರೆಯದಿದ್ದಾಗ ಸಂಖ್ಯೆಯು ಅದರ ಸ್ಥಾನವನ್ನು ಆಕ್ರಮಿಸುತ್ತದೆ. ಸಂಖ್ಯೆಯೆಂಬುದು ಹೆಸರಿಗಿಂತ ಎಷ್ಟು ಸುಲಭವಾಗಿ ಕೆಡುತ್ತದೆಂಬುದಕ್ಕೆ ಡ್ರೆಸ್ಡೆನ್ ನಗರವು ನಿದರ್ಶನ. ೧೯೪೫ರ ಫೆಬ್ರವರಿ ೧೩ರಿಂದ ೧೫ರವರೆಗಿನ ದಾಳಿಗಳ ಬಳಿಕ ಅಲ್ಲಿಯ ಪೊಲೀಸರ ವರದಿಯೊಂದರಲ್ಲಿ ೨೦,೨೦೪ ಮೃತರೆಂದಿತ್ತು. ಅದರ ಕೊನೆಗೆ ಒಂದು ಸೊನ್ನೆಯನ್ನು ಸೇರಿಸಿ ೨,೦೨,೦೪೦ ಎಂದು ಮಾಡಿದ ಕಪಟಪ್ರತಿಯು ಹರಡಿತು. ೧೯೬೩ರಲ್ಲಿ ಡೇವಿಡ್ ಅರ್ವಿಂಗ್ ಪ್ರಕಟಿಸಿದ ಪುಸ್ತಕವು ೧,೩೫,೦೦೦ ಎಂಬ ಸಂಖ್ಯೆಯನ್ನು ಪ್ರಚಾರಕ್ಕೆ ತಂದಿತು. ಆ ನಗರದಲ್ಲಿ ಯುದ್ಧಕೈದಿಯಾಗಿದ್ದು ದಾಳಿಯನ್ನು ಕಣ್ಣಾರೆ ಕಂಡಿದ್ದ ಅಮೆರಿಕದ ಕಾದಂಬರಿಕಾರ ಕರ್ಟ್ ವಾನೆಗಟ್ ಅವರು ೧೯೬೯ರ ತಮ್ಮ ಪ್ರಸಿದ್ಧ ಕಾದಂಬರಿ ‘ಸ್ಲಾಟರ್‌ಹೌಸ್ ಫೈವ್’ನಲ್ಲಿ ಅದೇ ಸಂಖ್ಯೆಯನ್ನು ಬಳಸಿದರು. ನಗರಸಭೆಯು ನೇಮಿಸಿದ ಚರಿತ್ರಕಾರರ ಮಂಡಲಿಯು ೨೦೧೦ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಮೃತರು ಹೆಚ್ಚೆಂದರೆ ೨೫,೦೦೦.

ಕಾದಂಬರಿಗೆ ಇದರಿಂದ ಹಾನಿಯೇನೆಂದು ಕೇಳಬಹುದು. ಕಲ್ಪಿತಕಥೆಯಾಗಿ ಅದರ ಶಕ್ತಿ ಬೇರೆ ಮೂಲಗಳಿಂದ ಬಂದುದು ನಿಜ. ಆದರೆ ಕರುಣೆಯು ಸಂಖ್ಯೆಯ ದೊಡ್ಡತನವನ್ನು ನೆಮ್ಮಿದಾಗ, ಸಂಖ್ಯೆ ಸುಳ್ಳಾದೊಡನೆ ಸತ್ತವರೂ ಸುಳ್ಳಾದಂತೆ ತೋರುವ ಅಪಾಯವುಂಟು. ೨೫,೦೦೦ ಮನುಷ್ಯರು ಬೆಂದು ಸತ್ತುದು ‘ಅಷ್ಟೇ’ ಎಂಬ ಮಾತಿಗೆ ಗುರಿಯಾದುದು ಈ ಹಿಗ್ಗಿಸಿದ ಲೆಕ್ಕದ ಫಲ. ಉತ್ಪ್ರೇಕ್ಷೆಯನ್ನು ಕಾವ್ಯದಲ್ಲಿ ಗುಣವೆಂದರೂ ಮರಣಲೇಖದಲ್ಲಿ ಅದು ಮೃತರಿಗೆ ಮಾಡಿದ ದ್ರೋಹ. ಒಂದು ಸೊನ್ನೆಯನ್ನು ಸೇರಿಸಿದಷ್ಟು ಸುಲಭವಾಗಿ ಒಂದು ಹೆಸರನ್ನು, ವಯಸ್ಸು ವಿಳಾಸ ತಂದೆತಾಯಿಗಳ ಸಮೇತ, ಸುಳ್ಳಾಗಿ ಸೇರಿಸಲಾಗದು. ಸೇರಿಸಿದರೂ ಅದನ್ನು ಪರೀಕ್ಷಿಸಿ ತೆಗೆಯಬಹುದು.

ನಿರೂಪಣಸಾಹಿತ್ಯದಲ್ಲಿ ಈ ಎಚ್ಚರವನ್ನು ತೋರಿದ ಗ್ರಂಥಗಳು ಇಲ್ಲದೆ ಇಲ್ಲ. ಹ್ಯಾಂಬರ್ಗಿನ ಲೇಖಕ ಹಾನ್ಸ್ ಎರಿಕ್ ನೊಸ್ಸಾಕ್ ಅವರು ತಮ್ಮ ನಗರದ ನಾಶವನ್ನು ಅದೇ ೧೯೪೩ರ ನವೆಂಬರಿನಲ್ಲಿ ಬರೆದರು. ಅದು ೧೯೪೮ರಲ್ಲಿ ಪ್ರಕಟವಾಯಿತು. ಜರ್ಮನ್ ಸಾಹಿತ್ಯವು ಈ ನಾಶವನ್ನು ಎದುರಿಸದೆ ಮುಖ ತಿರುಗಿಸಿತೆಂದು ಡಬ್ಲ್ಯು. ಜಿ. ಸೇಬಾಲ್ಡ್ ಅವರು ೧೯೯೭ರ ಜ್ಯೂರಿಕ್ ಉಪನ್ಯಾಸಗಳಲ್ಲಿ ಆಪಾದಿಸಿದಾಗ, ಅಪವಾದವೆಂದು ಎಣಿಸಿದ ಕೆಲವರಲ್ಲಿ ನೊಸ್ಸಾಕ್ ಒಬ್ಬರು. ಜಾನ್ ಹರ್ಸಿಯವರ ‘ಹಿರೋಷಿಮಾ’ವು ೧೯೪೬ರ ಆಗಸ್ಟ್ ೩೧ರ ‘ನ್ಯೂಯಾರ್ಕರ್’ ಪತ್ರಿಕೆಯ ಇಡೀ ಸಂಚಿಕೆಯನ್ನು ತುಂಬಿ ಬಂದಿತು. ಆರು ಮಂದಿಯನ್ನು ಆರಿಸಿಕೊಂಡು, ಬಾಂಬು ಸಿಡಿದ ಗಳಿಗೆಯಲ್ಲಿ ಅವರಲ್ಲಿ ಒಬ್ಬೊಬ್ಬರು ಎಲ್ಲಿ ಏನು ಮಾಡುತ್ತಿದ್ದರೆಂಬುದನ್ನು ಶಾಂತವಾದ ಗದ್ಯದಲ್ಲಿ ಹೇಳುವ ಈ ಗ್ರಂಥವು ಮೇಲೆ ಹೇಳಿದ ಸ್ವಭಾವೋಕ್ತಿಗೆ ಉತ್ತಮ ಉದಾಹರಣೆ. ಆದರೆ ಆ ಆರು ಮಂದಿಯೂ ಬದುಕಿ ಉಳಿದವರು. ಕಥನವು ಕಾಲದಲ್ಲಿ ಮುಂದೆ ಸಾಗಬೇಕಾದ್ದರಿಂದ ಉಳಿದವರನ್ನೇ ಹಿಂಬಾಲಿಸಬೇಕಾಗುತ್ತದೆ. ಮೊದಲ ಕ್ಷಣದಲ್ಲಿಯೇ ಮನೆಯೊಡನೆ ಇಲ್ಲವಾದವರನ್ನು ಅದು ಹಿಂಬಾಲಿಸಲಾರದು. ಅವರ ಪಾಲಿಗೆ ದೊರೆಯಬಹುದಾದ ಸಾಹಿತ್ಯಪ್ರಕಾರವು ಪಟ್ಟಿಯೊಂದೇ. ಕಥನವೂ ಪಟ್ಟಿಯೂ ಪರಸ್ಪರ ಪೂರಕವೆಂದು ತಿಳಿಯತಕ್ಕದ್ದು.

೫

ಎರಡನೆಯ ಮಹಾಯುದ್ಧದ ಪಟ್ಟಿಗಳು ಯುದ್ಧ ಮುಗಿದ ಮೇಲೆ ಸಾವಕಾಶವಾಗಿ ಸಿದ್ಧವಾದುವು. ಇಪ್ಪತ್ತೊಂದನೆಯ ಶತಮಾನದಲ್ಲಿ ದಾಳಿ ನಡೆಯುತ್ತಿರುವಾಗಲೇ ಪಟ್ಟಿಯೂ ಬೆಳೆಯುತ್ತದೆ. ಇದಕ್ಕೆ ಎದುರಾಗಿ, ಗುರಿ ತಪ್ಪದ ಅಸ್ತ್ರಗಳಿಂದ ಯುದ್ಧ ಮಾಡುತ್ತಿದ್ದೇವೆಂಬ ವಾದವೂ ಬಲವಾಗಿ ನಿಂತಿದೆ. ಆದುದರಿಂದ ಇಂದಿನ ಪಟ್ಟಿಗೆ ಸ್ಮರಣೆಯ ಜೊತೆಗೆ ಪ್ರತಿವಾದದ ಕೆಲಸವೂ ಬಂದೊದಗಿದೆ. ಅಜ್ಮತ್ ಖಾನ್ ಮತ್ತು ಆನಂದ್ ಗೋಪಾಲ್ ಅವರು ೨೦೧೭ರ ನವೆಂಬರಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಾರಪತ್ರದಲ್ಲಿ ಪ್ರಕಟಿಸಿದ ಶೋಧನೆಯು ಇದಕ್ಕೆ ಮೇಲ್ಪಂಕ್ತಿ. ಉತ್ತರ ಇರಾಕಿನಲ್ಲಿ ಸುಮಾರು ೧೫೦ ದಾಳಿಗಳ ಸ್ಥಳಗಳಿಗೆ ತಾವೇ ಹೋಗಿ ವಿಚಾರಿಸಿದ ಅವರಿಗೆ, ಐದು ದಾಳಿಗಳಲ್ಲಿ ಒಂದರಂತೆ ನಾಗರಿಕರು ಸತ್ತಿದ್ದುದು ತಿಳಿಯಿತು. ಅಮೆರಿಕದ ನೇತೃತ್ವದ ಮೈತ್ರಿಕೂಟವು ಒಪ್ಪಿಕೊಂಡಿದ್ದ ಪ್ರಮಾಣಕ್ಕಿಂತ ಇದು ೩೧ ಪಟ್ಟು ಹೆಚ್ಚು. ಸಿರಿಯದ ರಖ್ಖಾ ನಗರದಲ್ಲಿ ೨೦೧೭ರ ಜೂನಿನಿಂದ ಅಕ್ಟೋಬರಿನವರೆಗೆ ನಡೆದ ದಾಳಿಗಳ ವಿಚಾರದಲ್ಲಿ ಆಮ್ನೆಸ್ಟಿ ಮತ್ತು ಏರ್‌ವಾರ್ಸ್ ಸಂಸ್ಥೆಗಳು ೨೦೧೯ರ ಏಪ್ರಿಲಿನಲ್ಲಿ ಕೊಟ್ಟ ವರದಿಯು ೧,೬೦೦ಕ್ಕೂ ಹೆಚ್ಚು ನಾಗರಿಕರು ಸತ್ತರೆಂದು ತಿಳಿಸಿತು; ಅವರಲ್ಲಿ ಸಾವಿರಕ್ಕೂ ಮೇಲ್ಪಟ್ಟವರ ಹೆಸರುಗಳನ್ನು ಸಂಗ್ರಹಿಸಿತು. ಮೈತ್ರಿಕೂಟವು ಅದುವರೆಗೆ ಒಪ್ಪಿಕೊಂಡಿದ್ದ ಸಂಖ್ಯೆ ೧೫೯. ವಿಮಾನದಿಂದ ಕಂಡದ್ದು ಕಟ್ಟಡ. ಬಾಗಿಲಿಗೆ ಹೋಗಿ ವಿಚಾರಿಸಿದವರಿಗೆ ಕಂಡದ್ದು ಮನೆ. ಈ ಎರಡು ಲೆಕ್ಕಗಳ ಅಂತರಕ್ಕೆ ಮುಖ್ಯಕಾರಣವು ನೋಟದ ಸ್ಥಾನದಲ್ಲಿರುವ ಈ ಭೇದವೇ.

ಗಾಜಾ ಪ್ರದೇಶದ ಪಟ್ಟಿಗಳು ಈ ಪ್ರಕಾರವನ್ನು ಅತ್ಯಂತ ಕಠಿಣವಾದ ಪರೀಕ್ಷೆಗೆ ಒಡ್ಡಿವೆ. ೨೦೧೪ರ ಯುದ್ಧದಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಒಂದೇ ಘಟನೆಯಲ್ಲಿ ಕಳೆದುಕೊಂಡ ಕುಟುಂಬಗಳು ಕನಿಷ್ಠ ೧೪೨ ಎಂದು ವಿಶ್ವಸಂಸ್ಥೆಯ ವಿಚಾರಣಾಮಂಡಲಿಯು ೨೦೧೫ರಲ್ಲಿ ಹೇಳಿತು. ಇಸ್ರೇಲಿನದೇ ಆದ ಬೆತ್ಸೆಲೆಮ್ ಸಂಸ್ಥೆಯು ಅದೇ ವರ್ಷದ ಜನವರಿಯಲ್ಲಿ, ಮನೆಗಳ ಮೇಲಿನ ೭೦ ದಾಳಿಗಳನ್ನು ಪರಿಶೀಲಿಸಿ, ಅವುಗಳಲ್ಲಿ ೬೦೬ ಮಂದಿ ಸತ್ತರೆಂದು ಬರೆಯಿತು. ಇಲ್ಲಿ ಎಣಿಕೆಯ ಘಟಕವೇ ಬದಲಾದುದನ್ನು ಗಮನಿಸಬೇಕು: ಎಣಿಸಿದ್ದು ತಲೆಗಳನ್ನು ಮಾತ್ರವಲ್ಲ, ಮನೆಗಳನ್ನು.

೨೦೨೩ರ ಅಕ್ಟೋಬರ್ ೭ರಂದು ಹಮಾಸ್ ನಡೆಸಿದ ಆಕ್ರಮಣದಲ್ಲಿ ಇಸ್ರೇಲಿನಲ್ಲಿ ಸುಮಾರು ೧,೨೦೦ ಮಂದಿ ಹತರಾದರು. ಅವರಲ್ಲಿಯೂ ಅನೇಕರು ತಮ್ಮ ಮನೆಗಳಲ್ಲಿಯೇ ಸತ್ತವರು. ಅದರ ಬಳಿಕ ನಡೆದ ಯುದ್ಧದ ಮೂರನೆಯ ವಾರದಲ್ಲಿ, ಗಾಜಾದ ಆರೋಗ್ಯಶಾಖೆಯ ಲೆಕ್ಕಗಳಲ್ಲಿ ತಮಗೆ ನಂಬಿಕೆಯಿಲ್ಲವೆಂದು ಅಮೆರಿಕದ ಅಧ್ಯಕ್ಷರು ಹೇಳಿದ ಮರುದಿನ, ಅಕ್ಟೋಬರ್ ೨೬ರಂದು, ಆ ಶಾಖೆಯು ೬,೭೪೭ ಹೆಸರುಗಳನ್ನು ವಯಸ್ಸು, ಲಿಂಗ, ಗುರುತಿನ ಚೀಟಿಯ ಸಂಖ್ಯೆಗಳೊಡನೆ ಪ್ರಕಟಿಸಿತು. ಗುರುತು ಸಿಕ್ಕದ ೨೮೧ ಮಂದಿಯನ್ನು ಬೇರೆಯಾಗಿ ತೋರಿಸಿತು. ಸಂಶಯಕ್ಕೆ ಉತ್ತರವಾಗಿ ಹುಟ್ಟಿದ ಪಟ್ಟಿಯಿದು. ಏರ್‌ವಾರ್ಸ್ ಸಂಸ್ಥೆಯು ಯುದ್ಧದ ಮೊದಲ ಹದಿನೇಳು ದಿನಗಳಲ್ಲಿ ಸತ್ತವರೆಂದು ಸ್ವತಂತ್ರವಾಗಿ ಕಂಡುಕೊಂಡ ಸುಮಾರು ೩,೦೦೦ ಹೆಸರುಗಳಲ್ಲಿ ಮುಕ್ಕಾಲು ಪಾಲು ಈ ಪಟ್ಟಿಯಲ್ಲಿಯೂ ಇದ್ದುವೆಂದು ೨೦೨೪ರ ಜುಲೈ ತಿಂಗಳಲ್ಲಿ ವರದಿಮಾಡಿತು. ಪಟ್ಟಿಯು ಹೋರಾಡಿದವರನ್ನೂ ಹೋರಾಡದವರನ್ನೂ ಬೇರ್ಪಡಿಸುವುದಿಲ್ಲವೆಂಬ ಆಕ್ಷೇಪಣೆಯು ನ್ಯಾಯವಾದದ್ದು. ಮುಂದಿನ ಆವೃತ್ತಿಗಳಲ್ಲಿ ಕೆಲವು ಹೆಸರುಗಳು ಸೇರಿದುವು, ಕೆಲವು ತೆಗೆಯಲ್ಪಟ್ಟುವು. ಆದರೆ ತಿದ್ದುಪಡಿಯಾಗುವುದು ಪಟ್ಟಿಯ ದೌರ್ಬಲ್ಯವೆಂದು ಹೇಳುವುದು ತರವಲ್ಲ. ತಿದ್ದಬಹುದಾದುದರಿಂದಲೇ ಅದು ಸಾಕ್ಷ್ಯ. ದುಂಡುಸಂಖ್ಯೆಯನ್ನು ತಿದ್ದುವುದಕ್ಕೆ ಹಿಡಿಯೇ ಇರುವುದಿಲ್ಲ.

ರಚನೆಯ ದೃಷ್ಟಿಯಿಂದ ೨೦೨೪ರ ಸೆಪ್ಟೆಂಬರಿನ ಆವೃತ್ತಿಯು ವಿಶೇಷವಾದ ವಿಮರ್ಶೆಗೆ ಯೋಗ್ಯವಾಗಿದೆ. ೬೪೯ ಪುಟಗಳಲ್ಲಿ ೩೪,೩೪೪ ಹೆಸರುಗಳಿದ್ದ ಈ ಪಟ್ಟಿಯನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಲಾಗಿತ್ತು. ಮೊದಲ ಹದಿನಾಲ್ಕು ಪುಟಗಳಲ್ಲಿದ್ದ ೭೧೦ ಮಂದಿಗೂ ವಯಸ್ಸಿನ ಕಲಮಿನಲ್ಲಿ ಸೊನ್ನೆ. ಒಂದು ವರ್ಷ ತುಂಬದ ಕೂಸುಗಳು. ಡ್ರೆಸ್ಡೆನ್ನಿನ ಕಪಟಪ್ರತಿಯಲ್ಲಿ ಸುಳ್ಳನ್ನು ಹೇಳಿದ ಸೊನ್ನೆಯು ಇಲ್ಲಿ ತನ್ನ ನಿಜವಾದ ಅರ್ಥವನ್ನು ಪಡೆದಿದೆ. ಈ ಕ್ರಮದ ಬಲವು ಅಪಾರ. ಪುಟಗಳನ್ನು ತಿರುವಿದಷ್ಟೂ ವಯಸ್ಸು ಒಂದೊಂದೇ ವರ್ಷ ಏರುತ್ತ ಹೋಗುವುದನ್ನು ಕಂಡವನು ಸುಲಭವಾಗಿ ಮರೆಯಲಾರನು. ಆದರೆ ಬೆಲೆಯೂ ಉಂಟು. ಲಂಡನ್ನಿನ ಅಕಾರಾದಿಯು ಒಟ್ಟಿಗೆ ಇರಿಸಿದ್ದ ಮನೆಯನ್ನು ವಯಸ್ಸಿನ ಕ್ರಮವು ಚೆದರಿಸುತ್ತದೆ. ಕೂಸು ಮೊದಲ ಪುಟದಲ್ಲಿ, ಅಣ್ಣ ನೂರನೆಯ ಪುಟದ ಆಚೆ, ತಾಯಿ ಮತ್ತೆಲ್ಲಿಯೋ, ಅಜ್ಜ ಕೊನೆಯ ಹಾಳೆಗಳಲ್ಲಿ. ಒಂದೇ ಗೋಡೆಯ ಕೆಳಗೆ ಸತ್ತವರು ಪುಟಗಳ ನಡುವೆ ಅಗಲಿದ್ದಾರೆ. ವಿಳಾಸವಾಗಲಿ ಮರಣದ ಸ್ಥಳವಾಗಲಿ ಅದರಲ್ಲಿಲ್ಲದ್ದರಿಂದ ಅವರನ್ನು ಮತ್ತೆ ಕೂಡಿಸುವುದಕ್ಕೆ ಹೆಸರಿನ ಹೋಲಿಕೆಯನ್ನು ಬಿಟ್ಟು ಬೇರೆ ಸಾಧನವಿಲ್ಲ. ವಯಸ್ಸಿನ ಕ್ರಮವು ಯಾರು ಸತ್ತರೆಂಬುದನ್ನು ಹೇಳುತ್ತದೆ. ಮನೆಯ ಕ್ರಮವು ಏನು ನಡೆಯಿತೆಂಬುದನ್ನು ಹೇಳುತ್ತದೆ. ಹೇಗೆ ಕಾವ್ಯದಲ್ಲಿ ಪದಗಳ ಜೋಡಣೆಯೇ ಧ್ವನಿಗೆ ಕಾರಣವೋ ಹಾಗೆಯೇ ಪಟ್ಟಿಯಲ್ಲಿ ಹೆಸರುಗಳ ಜೋಡಣೆಯು ಅರ್ಥಕ್ಕೆ ಕಾರಣವೆಂಬುದು ಈ ಎರಡನ್ನು ಪಕ್ಕದಲ್ಲಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ.

೬

ಈ ಪ್ರಕಾರದ ವಿರುದ್ಧ ಎರಡು ಆಕ್ಷೇಪಣೆಗಳು ಸಾಮಾನ್ಯವಾಗಿ ಬರುತ್ತವೆ. ಮೊದಲನೆಯದು, ಪಟ್ಟಿಯಲ್ಲಿ ರಸವ್ಯಕ್ತಿಗೆ ಬೇಕಾದ ವಿಭಾವಾದಿಗಳಿಲ್ಲ, ಆದುದರಿಂದ ಅದು ಸಾಹಿತ್ಯವಲ್ಲವೆಂಬುದು. ಕವಿನಿರ್ಮಿತವಾದ ವಿಭಾವಗಳು ಅಲ್ಲಿ ಇಲ್ಲವೆಂಬುದು ಸತ್ಯ. ಆದರೆ ವಯಸ್ಸು, ನಂಟು, ಮನೆ ಎಂಬ ಮೂರೂ ಲೋಕದಲ್ಲಿಯೇ ಸಿದ್ಧವಾಗಿರುವ ವಿಭಾವಗಳು. ಇವುಗಳನ್ನು ಓದಿದ ಸಹೃದಯನು ಉಳಿದುದನ್ನು ತನ್ನ ಮನೆಯಿಂದಲೇ ತುಂಬಿಕೊಳ್ಳುತ್ತಾನೆ. ಇವು ಮೂರನ್ನೂ ಕಿತ್ತು ಸಂಖ್ಯೆಯನ್ನು ಮಾತ್ರ ಉಳಿಸಿದರೆ ಅವನಿಗೆ ತುಂಬಿಕೊಳ್ಳಲು ಏನೂ ಇಲ್ಲ. ಹಾಗೆಯೇ ಪಟ್ಟಿ ಮಾಡುವವನು ಕನಿಕರದ ಮಾತುಗಳನ್ನು ತಾನೇ ಸುರಿದರೆ ಸಹೃದಯನಿಗೆ ಉಳಿದ ಎಡೆಯೂ ಹೋಗುತ್ತದೆ.

ಎರಡನೆಯದು, ಇಂತಹ ಪಟ್ಟಿಗಳೆಲ್ಲವೂ ಪಕ್ಷದ ಸಾಧನಗಳು, ದ್ವೇಷವನ್ನು ಬೆಳೆಸುತ್ತವೆ ಎಂಬುದು. ಇದಕ್ಕೆ ಉತ್ತರವಾಗಿ ೨೦೧೪ರ ಜುಲೈ ತಿಂಗಳ ಒಂದು ಪ್ರಸಂಗವನ್ನು ಜ್ಞಾಪಿಸಿದರೆ ಸಾಕು. ಬೆತ್ಸೆಲೆಮ್ ಸಂಸ್ಥೆಯು ಗಾಜಾದಲ್ಲಿ ಸತ್ತ ಕೆಲವು ಮಕ್ಕಳ ಹೆಸರು ವಯಸ್ಸುಗಳನ್ನು ಓದುವ ಒಂದು ಸಣ್ಣ ಪ್ರಕಟಣೆಯನ್ನು ಹಣ ತೆತ್ತು ಬಾನುಲಿಯಲ್ಲಿ ಪ್ರಸಾರ ಮಾಡಿಸಲು ಕೋರಿತು. ವಿಷಯವು ರಾಜಕೀಯವಾಗಿ ವಿವಾದಾಸ್ಪದವೆಂಬ ಕಾರಣದಿಂದ ಇಸ್ರೇಲಿನ ಪ್ರಸಾರಾಧಿಕಾರಿಗಳು ಅದನ್ನು ನಿರಾಕರಿಸಿದರು. ಹೆಸರುಗಳನ್ನು ಓದುವುದು ಒಂದು ಪಕ್ಷವನ್ನು ಹಿಡಿದಂತಾಗುವುದಾದರೆ, ಓದದಿರುವುದೂ ಒಂದು ಪಕ್ಷವೇ ಸರಿ. ಪಟ್ಟಿಯ ನಿಷ್ಪಕ್ಷಪಾತವು ಅದು ಯಾರ ಮನೆಯ ಮೃತರನ್ನು ಬರೆಯಿತೆಂಬುದರಲ್ಲಿಲ್ಲ; ಎದುರಾಳಿಯೂ ಪರೀಕ್ಷಿಸಬಹುದಾದ ವಿವರಗಳನ್ನು ಕೊಟ್ಟಿತೇ ಎಂಬುದರಲ್ಲಿದೆ. ಬೆತ್ಸೆಲೆಮ್ ಇಸ್ರೇಲಿನವರ ಸಂಸ್ಥೆ, ಖಾನ್ ಮತ್ತು ಗೋಪಾಲ್ ಬರೆದುದು ಅಮೆರಿಕದ ಪತ್ರಿಕೆಯಲ್ಲಿ; ತಮ್ಮ ದೇಶದ ವಿಮಾನಗಳು ಕೆಡವಿದ ಮನೆಗಳ ಮೃತರನ್ನು ತಾವೇ ಎಣಿಸಿದವರಿವರು. ವೆಸ್ಟ್‌ಮಿನ್‌ಸ್ಟರಿನ ಪಟ್ಟಿಯು ತಲಪದಿದ್ದ ಮಟ್ಟವನ್ನು ಈ ಪ್ರಕಾರವು ಇಲ್ಲಿ ತಲಪಿದೆಯೆನ್ನಬಹುದು.

ಇಷ್ಟರಿಂದ ಈ ಪ್ರಕಾರದ ಲಕ್ಷಣವನ್ನು ಸಂಗ್ರಹಿಸಿ ಹೇಳಬಹುದು. ಉತ್ತಮವಾದ ಮರಣಲೇಖವು ಹೆಸರು, ವಯಸ್ಸು, ನಂಟು, ಮನೆ, ದಿನ ಎಂಬ ಐದನ್ನೂ ಕೊಡುತ್ತದೆ, ಗುಣವಾಚಕಗಳನ್ನು ಬಿಡುತ್ತದೆ, ಒಂದೇ ಮನೆಯವರನ್ನು ಒಂದೇ ಎಡೆಯಲ್ಲಿ ಇರಿಸುತ್ತದೆ, ತಿದ್ದುಪಡಿಗೆ ಬಾಗಿಲು ತೆರೆದಿಡುತ್ತದೆ, ಎಲ್ಲರ ಓದಿಗೂ ದೊರೆಯುತ್ತದೆ, ತನಗೆ ಸಿಕ್ಕದವರಿಗೂ ಒಂದು ಸ್ಥಳವನ್ನು ಮೀಸಲಿಡುತ್ತದೆ. ಈ ಕೊನೆಯ ಗುಣಕ್ಕೆ ಹಿರೋಷಿಮಾ ನಗರದ ಸಮಾಧಿಶಿಲೆಯ ಕೆಳಗೆ ಇರಿಸಿರುವ ಪುಸ್ತಕಗಳು ನಿದರ್ಶನವಾಗಿವೆ. ವರ್ಷಂಪ್ರತಿ ಆಗಸ್ಟ್ ೬ರಂದು ಆಯಾ ವರ್ಷ ತೀರಿಕೊಂಡ ಸಂತ್ರಸ್ತರ ಹೆಸರುಗಳನ್ನು ಸೇರಿಸುತ್ತ ಬಂದು, ಅವುಗಳಲ್ಲಿ ಈಗ ೩,೪೦,೦೦೦ಕ್ಕೂ ಮೇಲ್ಪಟ್ಟ ಹೆಸರುಗಳಿವೆ. ಅವುಗಳ ನಡುವೆ ಒಂದು ಸಂಪುಟದಲ್ಲಿ ಯಾವ ಹೆಸರೂ ಇಲ್ಲ. ಹೆಸರು ತಿಳಿಯದವರು ಅನೇಕರಿದ್ದರೆಂದು ಮಾತ್ರ ಅದರಲ್ಲಿ ಬರೆದಿದೆ.